ಒಂದು ಸಹಿಗೆ ಎಷ್ಟು ಬಲ? ಸರ್ಕಾರದ ಮುಖ್ಯಸ್ಥರು ಪರಿಸರ ನಿಯಮ ಬದಲಿಸುವ ಬಗೆ

ಪ್ರಶ್ನೆ: ಅಮೆರಿಕದ ಒಬ್ಬ ಅಧ್ಯಕ್ಷರು ಹವಾಮಾನ ಬದಲಾವಣೆ ತಡೆಯುವ ಪ್ಯಾರಿಸ್ ಒಪ್ಪಂದದಿಂದ ಹೊರಬರುತ್ತಾರೆ, ಅವರ ಜಾಗಕ್ಕೆ ಬಂದವರು ಪ್ರಮಾಣವಚನ ತೆಗೆದುಕೊಂಡ ದಿನವೇ ಸಹಿ ಹಾಕಿ ಮತ್ತೆ ಸೇರುತ್ತಾರೆ. ಭಾರತದಲ್ಲೂ ಸಂಸತ್ತಿನಲ್ಲಿ ಚರ್ಚೆಯೇ ಆಗದೆ ಪರಿಸರ ನಿಯಮಗಳು ಬದಲಾಗುತ್ತವೆ. ನಾಯಕರ ಸಹಿಗೆ ನಿಜಕ್ಕೂ ಇಷ್ಟು ಅಧಿಕಾರ ಇದೆಯೇ? ಇಂಥ ಆದೇಶಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಮೊದಲೇ ಅಂದಾಜು ಮಾಡಬಹುದೇ?

ಉತ್ತರ: ಮಾಡಬಹುದು, ಬಹಳಷ್ಟು ಸಲ ಸರಿಯಾಗಿಯೇ. ಟಿವಿಯಲ್ಲಿ ತೋರಿಸುವುದು ಆದೇಶದ ಕೊನೆಯಲ್ಲಿರುವ ಸಹಿಯನ್ನು. ನೀವು ಓದಬೇಕಾದ್ದು ಅದರ ಮೊದಲ ಸಾಲನ್ನು. "ಇಂಥ ಕಾಯ್ದೆಯ ಇಂಥ ಸೆಕ್ಷನ್ ನೀಡಿರುವ ಅಧಿಕಾರ ಚಲಾಯಿಸಿ" ಎಂದು ಅಲ್ಲಿ ಬರೆದಿರುತ್ತದೆ. ಆದೇಶದ ಆಯುಸ್ಸು ಬಹುಮಟ್ಟಿಗೆ ಆ ಸಾಲಿನಲ್ಲೇ ನಿರ್ಧಾರವಾಗಿರುತ್ತದೆ.

ಪ್ರಧಾನಿಯಾಗಲಿ ಅಧ್ಯಕ್ಷರಾಗಲಿ, ಪರಿಸರದ ವಿಷಯದಲ್ಲಿ ಅವರ ಕೈಯಲ್ಲಿರುವ ಅಧಿಕಾರ ಹೆಚ್ಚಿನಂಶ ಎರವಲು ತಂದದ್ದು. "ಮಾಲಿನ್ಯ ತಡೆಯಬೇಕು" ಎಂದು ಶಾಸನಸಭೆ ಕಾಯ್ದೆ ಮಾಡುತ್ತದೆ. ಹೊಗೆ ಕೊಳವೆಯಿಂದ ಎಷ್ಟು ಗಂಧಕ ಬರಬಹುದು, ಯಾವ ತಾರೀಖಿನೊಳಗೆ ಇಳಿಸಬೇಕು, ಯಾವ ಕಾರ್ಖಾನೆಗೆ ವಿನಾಯಿತಿ ಎಂಬುದನ್ನು ಕಾರ್ಯಾಂಗಕ್ಕೆ ಬಿಟ್ಟುಕೊಡುತ್ತದೆ. ನಾಯಕರು ಆಟವಾಡುವುದು ಆ ಬಿಟ್ಟ ಜಾಗದಲ್ಲಿ. ಜಾಗ ಎಷ್ಟು ದೊಡ್ಡದು, ಅದರಲ್ಲಿ ನಡೆಯಲು ಎಂಥ ವಿಧಾನ ಕಡ್ಡಾಯ ಎಂಬುದು ಮಾತ್ರ ದೇಶದಿಂದ ದೇಶಕ್ಕೆ ಬೇರೆ.

ಅಮೆರಿಕದಿಂದಲೇ ಶುರು ಮಾಡೋಣ. ಅಲ್ಲಿನ ಕಾರ್ಯಕಾರಿ ಆದೇಶ ಎಂದರೆ ಅಧ್ಯಕ್ಷರು ತಮ್ಮದೇ ಅಧಿಕಾರಿಗಳಿಗೆ ಬರೆಯುವ ಸೂಚನಾಪತ್ರ. ಕಾರ್ಖಾನೆಯ ಮಾಲೀಕನಿಗೆ ಅದು ನೇರವಾಗಿ ಅನ್ವಯಿಸುವುದು ಅಪರೂಪ. "ಈ ನಿಯಮವನ್ನು ಮರುಪರಿಶೀಲಿಸಿ ರದ್ದುಗೊಳಿಸಿ" ಎಂದು ಅಧ್ಯಕ್ಷರು ಬರೆದರೆ ನಿಯಮ ಅಂದೇ ರದ್ದಾಗದು. ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯ ಪ್ರಕಾರ ಮೊದಲು ಪ್ರಸ್ತಾವ ಪ್ರಕಟಿಸಬೇಕು, ಸಾರ್ವಜನಿಕರ ಅಭಿಪ್ರಾಯ ಕೇಳಬೇಕು, ಬಂದ ಮುಖ್ಯ ಆಕ್ಷೇಪಗಳಿಗೆ ಉತ್ತರ ಬರೆಯಬೇಕು, ಆಮೇಲೆ ಅಂತಿಮ ನಿಯಮ ಹೊರಡಿಸಬೇಕು. ಸಾಮಾನ್ಯವಾಗಿ ಇದಕ್ಕೆ ಒಂದರಿಂದ ಎರಡು ವರ್ಷ ಹಿಡಿಯುತ್ತದೆ. ಹಳೆಯ ನಿಯಮ ಕಿತ್ತುಹಾಕುವುದಕ್ಕೂ ಹೊಸದನ್ನು ಮಾಡುವಷ್ಟೇ ಕಾರಣ ಕೊಡಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿತು. ಅದು ಕಾರುಗಳ ಸುರಕ್ಷತಾ ಸಾಧನದ ಪ್ರಕರಣ. ಪರಿಸರ ನಿಯಮಗಳ ಮೊಕದ್ದಮೆಗಳಲ್ಲಿ ಈಗಲೂ ಅದನ್ನೇ ಉಲ್ಲೇಖಿಸುತ್ತಾರೆ. ಆತುರದಲ್ಲಿ ರದ್ದು ಮಾಡಲು ಹೊರಟವರು ಹೆಚ್ಚಾಗಿ ಎಡವುವುದು ಇಲ್ಲೇ. ಹತ್ತು ವರ್ಷದ ಹಿಂದೆ ಅದೇ ಸಂಸ್ಥೆ ವೈಜ್ಞಾನಿಕ ದಾಖಲೆ ಸಮೇತ ಬರೆದಿದ್ದನ್ನು ಈಗ ಏಕೆ ಒಪ್ಪುವುದಿಲ್ಲ ಎಂಬ ವಿವರಣೆ ಕಡತದಲ್ಲಿ ಇರುವುದಿಲ್ಲ.

ಹಾಗಾದರೆ ಮೊದಲ ದಿನದ ಸಹಿಗೆ ಬೆಲೆಯೇ ಇಲ್ಲವೇ? ಕೆಲವಕ್ಕೆ ಇದೆ. ಹಿಂದಿನ ಸರ್ಕಾರ ಕೊನೆಯ ವಾರಗಳಲ್ಲಿ ಕಳಿಸಿದ, ಇನ್ನೂ ಗೆಜೆಟ್‌ನಲ್ಲಿ ಅಚ್ಚಾಗದ ನಿಯಮಗಳನ್ನು ಅಧಿಕಾರ ಬದಲಾದ ದಿನವೇ ವಾಪಸ್ ತರಿಸಬಹುದು. 2009, 2017, 2021ರಲ್ಲಿ ಶ್ವೇತಭವನದಿಂದ ಮೊದಲು ಹೊರಟ ಪತ್ರಗಳಲ್ಲಿ ಒಂದು ಇದೇ ಆಗಿತ್ತು. ಅಧ್ಯಕ್ಷರ ವಿವೇಚನೆಗೇ ಬಿಟ್ಟ ಅನುಮತಿಗಳನ್ನೂ ಹಾಗೆಯೇ ಹಿಂಪಡೆಯಬಹುದು. ಕೆನಡಾದಿಂದ ತೈಲ ತರಬೇಕಿದ್ದ ಕೀಸ್ಟೋನ್ ಎಕ್ಸ್‌ಎಲ್ ಕೊಳವೆಮಾರ್ಗವನ್ನು ಒಬಾಮ 2015ರಲ್ಲಿ ನಿರಾಕರಿಸಿದರು, ಟ್ರಂಪ್ 2017ರಲ್ಲಿ ಅನುಮತಿ ಕೊಟ್ಟರು, ಬೈಡನ್ 2021ರ ಜನವರಿ 20ರಂದು ಕಿತ್ತುಕೊಂಡರು. ಅದೇ ವರ್ಷ ಜೂನ್‌ನಲ್ಲಿ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. ಗಡಿ ದಾಟುವ ಕೊಳವೆಗೆ ಅನುಮತಿ ಕೊಡುವುದು ಅಧ್ಯಕ್ಷರ ವಿವೇಚನೆಯೆಂದೇ ನಡೆದುಕೊಂಡು ಬಂದಿದ್ದರಿಂದ ಸಹಿಗೆ ಅಲ್ಲಿ ಅಷ್ಟು ಬಲ ಬಂತು.

ಇದಕ್ಕೆ ತದ್ವಿರುದ್ಧವಾದದ್ದು ಒಬಾಮ ಅವರ 'ಕ್ಲೀನ್ ಪವರ್ ಪ್ಲ್ಯಾನ್'. 2030ರ ಹೊತ್ತಿಗೆ ವಿದ್ಯುತ್ ಕ್ಷೇತ್ರದ ಇಂಗಾಲದ ಡೈಆಕ್ಸೈಡನ್ನು 2005ರ ಮಟ್ಟಕ್ಕಿಂತ ಶೇ 32ರಷ್ಟು ಇಳಿಸುವ ನಿಯಮ ಅದು. 2015ರಲ್ಲಿ ಪೂರ್ಣ ವಿಧಾನ ಪಾಲಿಸಿಯೇ ಹೊರಡಿಸಿದ್ದರು. ಆದರೂ 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ನಿಯಮ ಒಂದು ದಿನವೂ ಜಾರಿಯಾಗಲಿಲ್ಲ. 2022ರಲ್ಲಿ 6–3 ಬಹುಮತದ ತೀರ್ಪು ಬಂತು: ಇಡೀ ದೇಶದ ವಿದ್ಯುತ್ತನ್ನು ಕಲ್ಲಿದ್ದಲಿನಿಂದ ಬೇರೆಡೆಗೆ ತಿರುಗಿಸುವಂಥ ಭಾರಿ ನಿರ್ಧಾರಕ್ಕೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಸ್ಪಷ್ಟವಾಗಿ ಅಧಿಕಾರ ಕೊಟ್ಟಿರಬೇಕು, 1970ರ ವಾಯು ಶುದ್ಧತೆ ಕಾಯ್ದೆಯ ಯಾವುದೋ ಮೂಲೆಯ ಸೆಕ್ಷನ್ ಸಾಲದು. 2024ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕಾಯ್ದೆಯ ಭಾಷೆ ಅಸ್ಪಷ್ಟವಾಗಿದ್ದರೆ ಸಂಸ್ಥೆ ಮಾಡಿಕೊಂಡ ಅರ್ಥವನ್ನು ನ್ಯಾಯಾಲಯ ಗೌರವಿಸಬೇಕು ಎಂಬ 1984ರ ಸೂತ್ರವನ್ನೇ ಕೋರ್ಟ್ ತೆಗೆದುಹಾಕಿತು. ಹಳೆಯ ಕಾಯ್ದೆಯನ್ನು ಹಿಗ್ಗಿಸಿ ಹೊಸ ಸಮಸ್ಯೆಗೆ ತೊಡಿಸುವ ದಾರಿ ಅಲ್ಲಿ ಈಗ ಬಹಳ ಕಿರಿದು. ತಮಾಷೆಯೆಂದರೆ, ಜಾರಿಗೇ ಬರದ ಆ ಶೇ 32ರ ಗುರಿಯನ್ನು ಅಮೆರಿಕದ ವಿದ್ಯುತ್ ಕ್ಷೇತ್ರ 2019ರ ಸುಮಾರಿಗೇ ಮುಟ್ಟಿಬಿಟ್ಟಿತ್ತು, ಮುಖ್ಯವಾಗಿ ನೈಸರ್ಗಿಕ ಅನಿಲ ಅಗ್ಗವಾಗಿದ್ದರಿಂದ. ನಾಯಕರ ಸಹಿಯ ಬಗ್ಗೆ ಮಾತಾಡುವಾಗ ಮಾರುಕಟ್ಟೆಯನ್ನು ಮರೆಯಬಾರದು.

ಇನ್ನೊಂದು ಜಾತಿಯ ಅಧಿಕಾರವಿದೆ. ಒಂದೇ ದಿಕ್ಕಿಗೆ ತಿರುಗುವಂಥದ್ದು, ಅಥವಾ ಹಾಗೆಂದು ವಾದ ನಡೆಯುತ್ತಿರುವಂಥದ್ದು. 1906ರ ಪ್ರಾಚೀನ ಸ್ಮಾರಕ ಕಾಯ್ದೆ ಅಧ್ಯಕ್ಷರಿಗೆ ಸರ್ಕಾರಿ ಭೂಮಿಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸುವ ಅಧಿಕಾರ ಕೊಟ್ಟಿದೆ. ಥಿಯೊಡೋರ್ ರೂಸ್‌ವೆಲ್ಟ್ 1908ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಉಳಿಸಿದ್ದು ಇದರಿಂದಲೇ. ಘೋಷಿಸಿದ್ದನ್ನು ಮುಂದಿನವರು ಕಿರಿದು ಮಾಡಬಹುದೇ? ಕಾಯ್ದೆ ಆ ಬಗ್ಗೆ ಬಾಯಿ ಬಿಡುವುದಿಲ್ಲ. ಯೂಟಾದ ಬೇರ್ಸ್ ಇಯರ್ಸ್ ಪ್ರದೇಶವನ್ನು ಒಬಾಮ 2016ರಲ್ಲಿ ಸುಮಾರು 13.5 ಲಕ್ಷ ಎಕರೆಗೆ ಘೋಷಿಸಿದರು, ಟ್ರಂಪ್ 2017ರಲ್ಲಿ ಅದರ ಶೇ 85ರಷ್ಟನ್ನು ಕತ್ತರಿಸಿದರು, ಬೈಡನ್ 2021ರಲ್ಲಿ ಪುನಃ ಸೇರಿಸಿದರು. ಸಮುದ್ರದ ತೈಲ ಗುತ್ತಿಗೆಯ ಕಾಯ್ದೆಯೂ ಇಂಥದ್ದೇ: ಗುತ್ತಿಗೆಯಿಂದ ಪ್ರದೇಶವನ್ನು "ಹೊರಗಿಡಬಹುದು" ಎಂದಿದೆ, "ಮತ್ತೆ ಸೇರಿಸಬಹುದು" ಎಂದಿಲ್ಲ. ಒಬಾಮ ಹೊರಗಿಟ್ಟ ಆರ್ಕ್ಟಿಕ್ ಸಮುದ್ರಭಾಗವನ್ನು ಟ್ರಂಪ್ ತೆರೆದಾಗ ಅಲಾಸ್ಕದ ಫೆಡರಲ್ ನ್ಯಾಯಾಲಯ 2019ರಲ್ಲಿ ಇದೇ ಕಾರಣಕ್ಕೆ ಅದನ್ನು ತಳ್ಳಿಹಾಕಿತು.

ನೀವು ಕೇಳಿದ ಪ್ಯಾರಿಸ್ ಒಪ್ಪಂದದ ವಿಷಯ ಸರಳ. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಸಿಗದೆಂದು ಗೊತ್ತಿದ್ದ ಒಬಾಮ ಅದನ್ನು ಸೆನೆಟ್‌ಗೆ ಕಳಿಸಲೇ ಇಲ್ಲ. 2016ರಲ್ಲಿ ಕಾರ್ಯಾಂಗದ ಒಪ್ಪಂದವಾಗಿ ತಾವೇ ಅಂಗೀಕರಿಸಿದರು. ಬಾಗಿಲಲ್ಲಿ ಒಬ್ಬರೇ ನಿಂತು ಒಳಹೋದರೆ ಇನ್ನೊಬ್ಬರು ಒಬ್ಬರೇ ಹೊರಬರಬಹುದು. ಆದರೂ ಸಹಿ ಹಾಕಿದ ದಿನವೇ ಹೊರಬಂದಂತಲ್ಲ. ಒಪ್ಪಂದ ಜಾರಿಯಾಗಿ ಮೂರು ವರ್ಷ ಆಗುವವರೆಗೆ ನೋಟಿಸ್ ಕೊಡುವಂತಿಲ್ಲ, ನೋಟಿಸ್ ಕೊಟ್ಟು ಒಂದು ವರ್ಷ ಕಾಯಬೇಕು. ಹಾಗಾಗಿ 2017ರ ಜೂನ್‌ನಲ್ಲಿ ಟ್ರಂಪ್ ಘೋಷಿಸಿದ ನಿರ್ಗಮನ ನಿಜವಾಗಿ ಆದದ್ದು 2020ರ ನವೆಂಬರ್ 4ರಂದು. ಮರುಸೇರ್ಪಡೆಗೆ ಮಾತ್ರ 30 ದಿನ ಸಾಕು. 2021ರ ಜನವರಿ 20ರಂದು ಸಹಿ ಬಿತ್ತು, ಫೆಬ್ರವರಿ 19ಕ್ಕೆ ಅಮೆರಿಕ ಮತ್ತೆ ಸದಸ್ಯ ರಾಷ್ಟ್ರವಾಯಿತು.

ಈಗ ಭಾರತಕ್ಕೆ ಬರೋಣ. ಇಲ್ಲಿ ಕಾರ್ಯಾಂಗದ ಜಾಗ ಅಮೆರಿಕಕ್ಕಿಂತ ಬಹಳ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಭೋಪಾಲ್ ದುರಂತದ ಬಳಿಕ ಬಂದ 1986ರ ಪರಿಸರ (ಸಂರಕ್ಷಣೆ) ಕಾಯ್ದೆಯ ಸೆಕ್ಷನ್ 3, ಪರಿಸರ ರಕ್ಷಣೆಗೆ ಅಗತ್ಯವೆಂದು ಕೇಂದ್ರ ಸರ್ಕಾರಕ್ಕೆ ತೋರುವ ಎಲ್ಲ ಕ್ರಮಗಳನ್ನು ಕೈಗೊಳ್ಳಲು ಅಧಿಕಾರ ಕೊಡುತ್ತದೆ. ಸೆಕ್ಷನ್ 5ರಡಿ ಕಾರ್ಖಾನೆ ಮುಚ್ಚಿಸಬಹುದು, ವಿದ್ಯುತ್, ನೀರು ಕಡಿತ ಮಾಡಿಸಬಹುದು. 1991, 2011, 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು, 1994 ಮತ್ತು 2006ರ ಪರಿಸರ ಪರಿಣಾಮ ಮೌಲ್ಯಮಾಪನದ (ಇಐಎ) ಅಧಿಸೂಚನೆಗಳು ಎಲ್ಲವೂ ನಿಂತಿರುವುದು ಸೆಕ್ಷನ್ 3ರ ಮೇಲೆ. ಇಡೀ ದೇಶದ ಗಣಿ, ಅಣೆಕಟ್ಟು, ಹೆದ್ದಾರಿಗಳ ಪರಿಸರ ಅನುಮತಿ ವ್ಯವಸ್ಥೆ ಸಂಸತ್ತು ಮತ ಹಾಕಿ ರೂಪಿಸಿದ್ದಲ್ಲ. ಸಚಿವಾಲಯ ಬರೆದದ್ದು, ಸಚಿವಾಲಯವೇ ತಿದ್ದುತ್ತಿರುವುದು.

ಈ ಅಧಿಕಾರಕ್ಕಿರುವ ಮುಖ್ಯ ಕಡಿವಾಣ 1986ರ ಪರಿಸರ (ಸಂರಕ್ಷಣೆ) ನಿಯಮಗಳ 5ನೇ ನಿಯಮ. ಕೈಗಾರಿಕೆ ಅಥವಾ ಚಟುವಟಿಕೆಗೆ ನಿರ್ಬಂಧ ಹೇರುವ ಮುನ್ನ ಕರಡು ಅಧಿಸೂಚನೆಯನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ 60 ದಿನ ಕೊಡಬೇಕು. ಆದರೆ ಅದೇ ನಿಯಮದ 4ನೇ ಉಪನಿಯಮದಲ್ಲಿ ಹಿಂಬಾಗಿಲಿದೆ: ಸಾರ್ವಜನಿಕ ಹಿತಾಸಕ್ತಿಯಿಂದ ಅಗತ್ಯವೆನಿಸಿದರೆ ಕರಡು ಪ್ರಕಟಣೆಯನ್ನು ಕೈಬಿಡಬಹುದು.

ಆ ಹಿಂಬಾಗಿಲು ಬಳಸಿದ ಒಂದು ಪ್ರಕರಣವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 2020ರ ಮಾರ್ಚ್ 28, ದೇಶವ್ಯಾಪಿ ಲಾಕ್‌ಡೌನ್ ಶುರುವಾಗಿ ನಾಲ್ಕು ದಿನ. ಅಂದು ಹೊರಬಿದ್ದ ಅಧಿಸೂಚನೆ ಇಐಎ ವ್ಯವಸ್ಥೆಯ ಒಂದು ಅನುಬಂಧವನ್ನು ಬದಲಿಸಿತು. ಅದರ 6ನೇ ಅಂಶ ರಸ್ತೆ, ಕೊಳವೆಮಾರ್ಗದಂಥ ಉದ್ದುದ್ದದ ಯೋಜನೆಗಳಿಗೆ ಸಾಮಾನ್ಯ ಮಣ್ಣು ಅಗೆಯಲು ಪರಿಸರ ಅನುಮತಿ ಬೇಡ ಎಂದಿತು. ಎಷ್ಟು ಮಣ್ಣು, ಎಷ್ಟು ಆಳ, ಯಾವ ಜಾಗ ಎಂಬ ಮಿತಿ ಇರಲಿಲ್ಲ. ಕರಡೂ ಇರಲಿಲ್ಲ. ನಾಲ್ಕು ವರ್ಷದ ನಂತರ, 2024ರ ಮಾರ್ಚ್ 21ರಂದು, ಸುಪ್ರೀಂ ಕೋರ್ಟ್ ಈ ಅಂಶವನ್ನು ರದ್ದುಪಡಿಸಿತು. ಕಾರಣಗಳು ಗಮನಾರ್ಹ. ಕರಡು ಕೈಬಿಡಲು ಯಾವ ಸಾರ್ವಜನಿಕ ಹಿತಾಸಕ್ತಿ ಒತ್ತಾಯಿಸಿತು ಎಂಬ ವಿವರಣೆ ಇಲ್ಲ. ಕಾಮಗಾರಿಗಳೇ ನಿಂತುಹೋಗಿದ್ದ ಲಾಕ್‌ಡೌನ್ ಹೊತ್ತಿನಲ್ಲಿ ಇಷ್ಟು ಆತುರ ಯಾಕೆ ಎಂಬುದಕ್ಕೆ ಉತ್ತರವಿಲ್ಲ. ಯಾವುವು ಈ 'ಉದ್ದುದ್ದದ' ಯೋಜನೆಗಳು ಎಂಬುದಕ್ಕೆ ವ್ಯಾಖ್ಯಾನವಿಲ್ಲ. ವಿನಾಯಿತಿ ಕೊಡುವ ಅಧಿಕಾರವೇ ಸರ್ಕಾರಕ್ಕಿಲ್ಲ ಎಂದು ಕೋರ್ಟ್ ಹೇಳಲಿಲ್ಲ. ಸರ್ಕಾರ ಸೋತದ್ದು ನಡೆದ ದಾರಿಯಿಂದ, ಬರೆದ ಅಸ್ಪಷ್ಟ ಮಾತಿನಿಂದ. ಆದರೆ ನಡುವಿನ ನಾಲ್ಕು ವರ್ಷ ಅಗೆದ ಮಣ್ಣು ಅಗೆದದ್ದೇ. ಕೋರ್ಟಿನಲ್ಲಿ ಬೀಳುವ ಆದೇಶವೂ ಬೀಳುವ ಮುನ್ನ ಕೆಲಸ ಮುಗಿಸಿರುತ್ತದೆ ಎಂಬುದು ಎಲ್ಲ ಸರ್ಕಾರಗಳಿಗೂ ಚೆನ್ನಾಗಿ ಗೊತ್ತು.

ಎಲ್ಲ ಸಲವೂ ತೀರ್ಪು ಕೊನೆಯ ಮಾತಾಗುತ್ತದೆ ಎಂದೂ ಅಲ್ಲ. ಅನುಮತಿಯಿಲ್ಲದೆ ಕೆಲಸ ಶುರು ಮಾಡಿದವರಿಗೆ ಆಮೇಲೆ ಅನುಮತಿ ಕೊಡಲು ದಾರಿ ಮಾಡಿದ 2017ರ ಅಧಿಸೂಚನೆ, 2021ರ ಕಚೇರಿ ಜ್ಞಾಪನ ಎರಡನ್ನೂ ಸುಪ್ರೀಂ ಕೋರ್ಟ್ 2025ರ ಮೇ 16ರಂದು ರದ್ದು ಮಾಡಿತು. ಅದೇ ನವೆಂಬರ್ 18ರಂದು 2:1 ಬಹುಮತದಲ್ಲಿ ಆ ತೀರ್ಪನ್ನೇ ಹಿಂಪಡೆಯಿತು. ಇಲ್ಲಿ ಬಂದ ಕಚೇರಿ ಜ್ಞಾಪನದ ಮೇಲೆ ನಿಮ್ಮ ಕಣ್ಣಿರಲಿ. ಅದು ಅಧಿಸೂಚನೆಯಲ್ಲ, ಅಧಿಕಾರಿಗಳಿಗೆ ಕೊಡುವ ಆಡಳಿತಾತ್ಮಕ ಸೂಚನೆ. ಅದಕ್ಕೆ ಕರಡಿಲ್ಲ, 60 ದಿನವಿಲ್ಲ, ಸಚಿವಾಲಯದ ವೆಬ್‌ಸೈಟಿನಲ್ಲಿ ಸದ್ದಿಲ್ಲದೆ ಬರುತ್ತದೆ. 2020ರ ಇಐಎ ಕರಡಿಗೆ ದೇಶದಾದ್ಯಂತ ವಿರೋಧ ಬಂತು, ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಆದೇಶಿಸಿತು, ಕರಡು ಅಂತಿಮವಾಗಲೇ ಇಲ್ಲ. ಗೆದ್ದೆವು ಎಂದುಕೊಂಡವರು ಆಮೇಲಿನ ಬಿಡಿ ತಿದ್ದುಪಡಿಗಳನ್ನೂ ಜ್ಞಾಪನಗಳನ್ನೂ ಓದಿದ್ದರೆ ಅಷ್ಟು ಸಂಭ್ರಮಿಸುತ್ತಿರಲಿಲ್ಲ.

ಕರಡನ್ನು ಕರಡಾಗಿಯೇ ಉಳಿಸುವುದೂ ಒಂದು ಅಧಿಕಾರವೇ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರಿಂದ 2024ರ ಜುಲೈ 31ರವರೆಗೆ ಆರು ಸಲ ಹೊರಬಂದಿದೆ. ಆರು ರಾಜ್ಯಗಳ 56,825 ಚದರ ಕಿ.ಮೀ.ಗೆ ಅನ್ವಯ, ಅದರಲ್ಲಿ 20,668 ಚ.ಕಿ.ಮೀ. ಕರ್ನಾಟಕದ್ದು. ನಿಗದಿತ ಅವಧಿಯೊಳಗೆ ಅಂತಿಮಗೊಳಿಸದಿದ್ದರೆ ಕರಡಿನ ಅವಧಿ ಮುಗಿಯುತ್ತದೆ, ಮತ್ತೆ ಹೊಸದಾಗಿ ಹೊರಡಿಸುತ್ತಾರೆ. ಕಾಯ್ದೆಯ ಪ್ರಕಾರ ಕೇಂದ್ರ ಇದನ್ನು ಅಂತಿಮಗೊಳಿಸಲು ರಾಜ್ಯಗಳ ಒಪ್ಪಿಗೆ ಕಡ್ಡಾಯವಲ್ಲ. ಆದರೆ ಭೂಮಿ, ಪೊಲೀಸ್, ಕಂದಾಯ ಇಲಾಖೆ ಎಲ್ಲ ರಾಜ್ಯದ ಕೈಯಲ್ಲಿ. ಕರ್ನಾಟಕವೂ ಸೇರಿ ರಾಜ್ಯಗಳು ವಿರೋಧಿಸುತ್ತಿರುವಾಗ ದೆಹಲಿಯ ಸಹಿ ಘಟ್ಟ ಹತ್ತುವುದು ಕಷ್ಟ.

ಗಡುವು ಮುಂದೂಡುವುದು ಇನ್ನೂ ಸುಲಭದ ದಾರಿ. 2015ರ ಡಿಸೆಂಬರ್ 7ರಂದು ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಗಂಧಕದ ಡೈಆಕ್ಸೈಡ್‌ಗೆ ಕಟ್ಟುನಿಟ್ಟಿನ ಮಿತಿ ಬಂತು. ಹಳೆಯ ಸ್ಥಾವರಗಳಿಗೆ ಎರಡು ವರ್ಷದ ಗಡುವು. ಗಡುವು 2022ಕ್ಕೆ ಹೋಯಿತು, ಅಲ್ಲಿಂದ ಮತ್ತೆ ಮುಂದೆ. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು; ದೆಹಲಿ ಸುತ್ತಮುತ್ತ ಮತ್ತು ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ 10 ಕಿ.ಮೀ. ಒಳಗಿನವಕ್ಕೆ 2027ರ ಅಂತ್ಯದ ಗಡುವು ಉಳಿಯಿತು. ಇದಾವುದಕ್ಕೂ ಮೂಲ ಕಾಯ್ದೆಯನ್ನು ತಿದ್ದಬೇಕಾಗಲಿಲ್ಲ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಗಟ್ಟಿ ಅಧಿಕಾರ ಇರುವುದು ಆದೇಶಗಳಲ್ಲಲ್ಲ, ಜಾರಿಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎಂಬ ಮಾತಿಗೆ ಬ್ರೆಜಿಲ್‌ಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. 2004ರಲ್ಲಿ ಅಮೆಜಾನ್‌ನಲ್ಲಿ ಕಡಿದುಹೋದ ಕಾಡು 27,772 ಚ.ಕಿ.ಮೀ. ಆ ವರ್ಷ ಅಧ್ಯಕ್ಷ ಲೂಲ, ಪರಿಸರ ಸಚಿವೆ ಮರೀನಾ ಸಿಲ್ವಾ ಒಂದು ಕ್ರಿಯಾಯೋಜನೆ ತಂದರು. ಬಾಹ್ಯಾಕಾಶ ಸಂಸ್ಥೆ ಐಎನ್‌ಪಿಇ ಉಪಗ್ರಹ ಚಿತ್ರಗಳಿಂದ ಹೊಸ ಕಡಿತವನ್ನು ಬೇಗ ಗುರುತಿಸಿ ತಪಾಸಣೆಯವರಿಗೆ ತಿಳಿಸುವ ವ್ಯವಸ್ಥೆ ಬಂತು. 2007ರ ಅಂತ್ಯದಲ್ಲಿ ಬಂದ ಅಧ್ಯಕ್ಷೀಯ ಆಜ್ಞೆಯಡಿ ಹೆಚ್ಚು ಕಾಡು ಕಡಿಯುವ 36 ಸ್ಥಳೀಯಾಡಳಿತ ಪ್ರದೇಶಗಳ ಪಟ್ಟಿ ಮಾಡಿ ಅಲ್ಲಿ ನಿಗಾ ಬಿಗಿಗೊಳಿಸಿದರು. 2008ರಲ್ಲಿ ಅಮೆಜಾನ್ ಪ್ರದೇಶದ ಕೃಷಿ ಸಾಲಕ್ಕೆ ಪರಿಸರ ದಾಖಲೆಗಳನ್ನು ಕಡ್ಡಾಯ ಮಾಡಿದರು. ಸಾಲ ನಿಂತರೆ ಕೊಡಲಿ ನಿಲ್ಲುತ್ತದೆ ಎಂಬ ಲೆಕ್ಕ. 2012ಕ್ಕೆ ಕಡಿತ 4,571 ಚ.ಕಿ.ಮೀ.ಗೆ ಇಳಿಯಿತು. ಸೋಯಾ, ದನದ ಮಾಂಸದ ಬೆಲೆ ಇಳಿದದ್ದೂ ಇದಕ್ಕೆ ಕೈಜೋಡಿಸಿತು ಎನ್ನುವುದು ನಿಜ.

2019ರಲ್ಲಿ ಬೊಲ್ಸೊನಾರೊ ಅಧ್ಯಕ್ಷರಾಗಿ ಬಂದಾಗ ಅರಣ್ಯ ಸಂಹಿತೆ, ಅಂದರೆ ಅಲ್ಲಿನ ಅರಣ್ಯ ಕಾಯ್ದೆ, ಹಾಗೆಯೇ ಇತ್ತು. ಬದಲಾದದ್ದು ದಂಡದ ದಾರಿ. ದಂಡ ವಿಧಿಸಿದ ಪ್ರತಿ ಪ್ರಕರಣಕ್ಕೂ ರಾಜಿ ಸಭೆಯ ಹಂತವೊಂದನ್ನು ಆಜ್ಞೆಯ ಮೂಲಕ ಸೇರಿಸಿದರು; ಸಭೆ ನಡೆಯದೆ ಕಡತಗಳು ನೆನೆಗುದಿಗೆ ಬಿದ್ದವು. ಕಡಿತದ ಅಂಕಿಅಂಶ ಸಮರ್ಥಿಸಿಕೊಂಡ ಐಎನ್‌ಪಿಇ ನಿರ್ದೇಶಕರನ್ನು ಆಗಸ್ಟ್‌ನಲ್ಲಿ ಕೆಲಸದಿಂದ ತೆಗೆದರು. ಕಾಡು ರಕ್ಷಣೆಗೆಂದಿದ್ದ ಅಮೆಜಾನ್ ನಿಧಿಯ ಆಡಳಿತ ಸಮಿತಿ ವಿಸರ್ಜನೆಯಾಗಿ ಹಣ ಹರಿಯುವುದು ನಿಂತಿತು. 2021ರಲ್ಲಿ ಕಡಿತ 13,038 ಚ.ಕಿ.ಮೀ. ಮುಟ್ಟಿತು. 2023ರ ಜನವರಿ 1ರಂದು ಮರಳಿದ ಲೂಲ ಮೊದಲ ದಿನವೇ ಈ ಆಜ್ಞೆಗಳನ್ನು ತಿರುಗಿಸಿದರು. 2024ರ ಲೆಕ್ಕ 6,288. ಒಂದೇ ಸಂಹಿತೆ ಇದ್ದ ಹತ್ತು ಹನ್ನೆರಡು ವರ್ಷದಲ್ಲಿ ಈ ಏರಿಳಿತ.

ಕಣ್ಣಿಗೆ ಬೀಳದ ಇನ್ನೊಂದು ಸಾಧನ ಲೆಕ್ಕಾಚಾರದೊಳಗಿನ ಒಂದು ಸಂಖ್ಯೆ. ಅಮೆರಿಕದಲ್ಲಿ ದೊಡ್ಡ ನಿಯಮಗಳಿಗೆ ವೆಚ್ಚ–ಲಾಭದ ಲೆಕ್ಕ ಕಡ್ಡಾಯ. ರೇಗನ್ 1981ರಲ್ಲಿ ಆದೇಶದ ಮೂಲಕವೇ ಇದನ್ನು ತಂದರು. ಒಂದು ಟನ್ ಇಂಗಾಲದ ಡೈಆಕ್ಸೈಡ್ ಮಾಡುವ ಹಾನಿ ಎಷ್ಟು ಡಾಲರ್? ಟ್ರಂಪ್ ಅವರ ಮೊದಲ ಅವಧಿಯಲ್ಲಿ 1ರಿಂದ 7, ಬೈಡನ್ ಬಂದಾಗ 51, 2023ರಲ್ಲಿ ಇಪಿಎ ಲೆಕ್ಕದಲ್ಲಿ 190. ವಿಜ್ಞಾನ ಇಷ್ಟು ಬದಲಾಗಲಿಲ್ಲ. ಅಮೆರಿಕದೊಳಗಿನ ಹಾನಿ ಮಾತ್ರ ಎಣಿಸಬೇಕೇ, ಇಡೀ ಜಗತ್ತಿನದನ್ನೇ ಎಂಬುದು ಒಂದು ಆಯ್ಕೆ. ಭವಿಷ್ಯದ ಹಾನಿಯನ್ನು ವರ್ಷಕ್ಕೆ ಶೇ ಎಷ್ಟರ ದರದಲ್ಲಿ ಇಂದಿನ ಬೆಲೆಗೆ ಇಳಿಸಬೇಕು ಎಂಬುದು ಇನ್ನೊಂದು. ನೂರು ವರ್ಷದ ನಂತರದ 1,000 ಡಾಲರ್ ಹಾನಿ ಶೇ 7ರ ದರದಲ್ಲಿ ಇಂದು ಸುಮಾರು 1 ಡಾಲರ್ 15 ಸೆಂಟ್, ಶೇ 3ರಲ್ಲಿ 52 ಡಾಲರ್, ಶೇ 2ರಲ್ಲಿ 138. ಹಾನಿಯ ಬೆಲೆ ಒಂದು ಡಾಲರ್ ಎಂದು ಮೊದಲೇ ಬರೆದಿಟ್ಟರೆ ಯಾವ ನಿಯಂತ್ರಣವೂ ಲಾಭದಾಯಕವಾಗಿ ಕಾಣದು.

ಇಷ್ಟೆಲ್ಲ ಇಟ್ಟುಕೊಂಡು ಮುಂದಿನ ಸಲ ಸುದ್ದಿ ಬಂದಾಗ ಹೀಗೆ ಮಾಡಿ. ಗೆಜೆಟ್ ಪ್ರತಿ ತೆರೆದು ಮೊದಲ ಸಾಲಿನಲ್ಲಿ ಸೆಕ್ಷನ್ ಯಾವುದೆಂದು ನೋಡಿ, ಆ ಸೆಕ್ಷನ್ನಿನ ಮೂಲಪಾಠ ಓದಿ; ಸೆಕ್ಷನ್ ಹೆಸರೇ ಇಲ್ಲದಿದ್ದರೆ ಅದು ಹೆಚ್ಚಾಗಿ ಆಂತರಿಕ ಸೂಚನೆ, ಮುಂದಿನ ಸರ್ಕಾರ ಒಂದು ಮಧ್ಯಾಹ್ನದಲ್ಲಿ ತೆಗೆಯಬಲ್ಲದ್ದು. ಆಮೇಲೆ ಇದು ಕರಡೋ ಅಂತಿಮವೋ ಎಂದು ಖಚಿತಪಡಿಸಿಕೊಳ್ಳಿ. ಪತ್ರಿಕೆಗಳ ತಲೆಬರಹದಲ್ಲಿ ಈ ವ್ಯತ್ಯಾಸ ಮೊದಲು ಮಾಯವಾಗುತ್ತದೆ. ನೇರವಾಗಿ ಅಂತಿಮ ಬಂದಿದ್ದರೆ "ಸಾರ್ವಜನಿಕ ಹಿತಾಸಕ್ತಿಯಿಂದ" ಎಂಬ ಪದಗುಚ್ಛ ಹುಡುಕಿ, ಅದರ ಹಿಂದೆ ಕಾರಣ ಬರೆದಿದ್ದಾರೆಯೇ ಎಂದು ನೋಡಿ. ಬರೆದಿಲ್ಲದಿದ್ದರೆ 2024ರ ಮಣ್ಣಿನ ತೀರ್ಪು ಅದರ ಎದುರು ನಿಲ್ಲುತ್ತದೆ. ಹಣ, ಸಿಬ್ಬಂದಿ, ಗಡುವು ಈ ಮೂರರ ಬಗ್ಗೆ ಏನೂ ಹೇಳದ ಆದೇಶವನ್ನು, ಅದು ಕಾಡು ಉಳಿಸುವ ಆದೇಶವೇ ಆಗಿರಲಿ, ಘೋಷಣೆ ಎಂದಷ್ಟೇ ತಿಳಿಯಿರಿ.

ಕರಡು ಹಂತದಲ್ಲಿದ್ದರೆ ಆಕ್ಷೇಪಣೆ ಬರೆಯಿರಿ, ಗೆಜೆಟ್ ತಾರೀಖಿನಿಂದ ದಿನ ಎಣಿಸಿ. ಒಂದೇ ನಮೂನೆಯ ಸಾವಿರ ಇಮೇಲ್‌ಗಳನ್ನು ಸಚಿವಾಲಯ ಒಂದೇ ಸಾಲಿನಲ್ಲಿ ವಿಲೇವಾರಿ ಮಾಡಬಹುದು. ಕರಡಿನ ಇಂಥ ಕಂಡಿಕೆ, ಅದು ಮೂಲ ಕಾಯ್ದೆಯ ಇಂಥ ಸೆಕ್ಷನ್ನಿಗೆ ಏಕೆ ಹೊಂದುವುದಿಲ್ಲ, ಅದರಿಂದ ಯಾವ ಕೆರೆಗೆ ಅಥವಾ ಯಾವ ಸರ್ವೆ ನಂಬರಿಗೆ ಏನಾಗುತ್ತದೆ, ಬದಲಿಗೆ ಯಾವ ವಾಕ್ಯ ಇರಬೇಕು ಎಂದು ಎರಡು ಪುಟದಲ್ಲಿ ಬರೆದು, ಕಳಿಸಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ನಾಳೆ ಮೊಕದ್ದಮೆಯಲ್ಲಿ ವಕೀಲರು ಮೊದಲು ಕೇಳುವುದು ಆ ಪ್ರತಿಯನ್ನೇ. ಸರ್ಕಾರ ಆಕ್ಷೇಪಣೆಯನ್ನು ಪರಿಗಣಿಸಲಿಲ್ಲ ಎಂದು ವಾದಿಸಬೇಕಾದರೆ ಆಕ್ಷೇಪಣೆ ಸಲ್ಲಿಕೆಯಾಗಿರಬೇಕಲ್ಲ.